ಸಂಪು, ಇಳಿಜಾರು ಮತ್ತು ಒಂದು ಕಾರ್ ಲಿಫ್ಟ್

ಮೈಸೂರಿನ ಹಳೆಯ ಬಡಾವಣೆಯೊಂದರ ಮನೆ, ರಿಪೇರಿಗೆಂದು ಕಾರನ್ನು ನೆಲದಿಂದ ಎತ್ತುವ ಲಿಫ್ಟೊಂದು ಅಲ್ಲಿಗೆ ಬಂದ ಕಥೆ. ಮನೆಯವರ ಹೆಸರು, ಬೀದಿ, ಲಿಫ್ಟ್ ತಯಾರಿಸಿದವರು, ಮಾರಿದವರು ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಸಿಗದಿರಲೆಂದು ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳಿಗೆ ಮಾತ್ರ ಕೈ ಹಚ್ಚಿಲ್ಲ, ಕಥೆಯೆಲ್ಲ ಇರುವುದು ಅವುಗಳಲ್ಲೇ. ಮನೆಯ ಹಿರಿಯರನ್ನು ಯಜಮಾನರು ಎಂದು ಕರೆಯುತ್ತೇನೆ.

ಯಜಮಾನರು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂರು ದಶಕ ದುಡಿದು ನಿವೃತ್ತರಾದವರು. ನಾನು ಅದೇ ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ಹೈಡ್ರಾಲಿಕ್ ಪ್ರೆಸ್‌ಗಳನ್ನು ನೋಡಿಕೊಳ್ಳುತ್ತಿದ್ದವನು. ಅವರ ಕಣ್ಣಿಗೆ ನಾನು ಇಂದಿಗೂ ಅಪ್ರೆಂಟಿಸ್. ಮನೆಯಲ್ಲಿ ಎರಡು ಕಾರುಗಳಿವೆ: 1999ರ ಮಾರುತಿ ಝೆನ್, 2012ರ ಸ್ವಿಫ್ಟ್. ಎರಡರ ಕೆಲಸವನ್ನೂ ಅವರೇ ಮಾಡಿಕೊಳ್ಳುತ್ತಾರೆ. ಸ್ವಿಫ್ಟ್ ಮಗಳದ್ದು, ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುತ್ತದೆ. ಝೆನ್ ಅವರದ್ದೇ, ಎಲ್ಲಿಗೂ ಹೋಗುವುದಿಲ್ಲ, ಸದಾ ಬಿಚ್ಚಿಕೊಂಡಿರುತ್ತದೆ.

ಗ್ಯಾರೇಜ್ ಎಂದರೆ ಪೋರ್ಟಿಕೊ. ಗೇಟಿನಿಂದ ಮನೆಯ ಗೋಡೆಯವರೆಗೆ 18 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರದಲ್ಲಿ ತಾರಸಿ. ನೆಲಕ್ಕೆ ಪಾರ್ಕಿಂಗ್ ಟೈಲ್ಸ್. ಗೋಡೆಗೆ ಒತ್ತಿಕೊಂಡು ಚಪ್ಪಲಿ ಗೂಡು.

ಸ್ಟೆಪ್ನಿ ಕಾಪಾಡಿದ ಮಧ್ಯಾಹ್ನ

ಲಿಫ್ಟ್ ಯೋಚನೆ ಹುಟ್ಟಿದ್ದು ಒಂದು ಸಣ್ಣ ಅವಘಡದಿಂದ. ಝೆನ್ನಿನ ಹಿಂದಿನ ಬ್ರೇಕ್ ಡ್ರಮ್ ತೆಗೆಯಲು ಕಾರಿನೊಂದಿಗೆ ಬಂದ ಕತ್ತರಿ ಜಾಕಿ ಕೊಟ್ಟು ಎತ್ತಿದ್ದರು. ಟೂಲ್ ರೂಮಿನ ಅಭ್ಯಾಸಬಲದಿಂದ, ಬಿಚ್ಚಿದ ಚಕ್ರವನ್ನು ಎದುರಿನ ಚಕ್ರಕ್ಕೆ ಅಡ್ಡವಾಗಿಯೂ ಸ್ಟೆಪ್ನಿಯನ್ನು ಬಾಗಿಲ ಕೆಳಗೂ ಮಲಗಿಸಿದ್ದರು. ಡ್ರಮ್ ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ನಾಲ್ಕನೆಯ ಏಟು ಬೀಳುವಾಗ ಜಾಕಿಯ ಕೆಳಗಿನ ಟೈಲ್ ಸೀಳಿತು. ಜಾಕಿ ಒಂದು ಮಗ್ಗುಲಿಗೆ ವಾಲಿ ನುಣುಚಿಕೊಂಡಿತು, ಕಾರು ಸ್ಟೆಪ್ನಿಯ ಮೇಲೆ ಕೂತಿತು. ಅವರ ಎಡಗೈ ಆಗ ಚಕ್ರದ ಕಮಾನಿನೊಳಗಿತ್ತು. ಸ್ಟೆಪ್ನಿ ಇರಲಿಲ್ಲವೆಂದರೆ ಡ್ರಮ್ ಮತ್ತು ನೆಲದ ನಡುವೆ ಏನಿರುತ್ತಿತ್ತು ಎಂಬುದನ್ನು ಅವರು ನನಗೆ ಹೇಳಲಿಲ್ಲ, ಮನೆಯವರಿಗಂತೂ ತಿಂಗಳಾದ ಮೇಲೆ ಹೇಳಿದರು.

ಮರುದಿನ ಫೋನ್ ಬಂತು. "ನೋಡಪ್ಪ, ಈ ಜಾಕಿ ಸಹವಾಸ ಸಾಕು. ನೆಲದ ಮೇಲೆ ಕೂತರೆ ಏಳುವುದಕ್ಕೆ ಇನ್ನೊಬ್ಬರ ಕೈ ಬೇಕು. ಒಂದು ಪೋರ್ಟಬಲ್ ಲಿಫ್ಟ್ ನೋಡಿದ್ದೇನೆ, ನಾಲ್ಕು ಟನ್ನಿನದು. ನೀನು ಬಂದು ಹೂಂ ಎನ್ನಬೇಕು."

ನಾನು ಹೂಂ ಎನ್ನಲಿಲ್ಲ. ಆದರೆ ಅಂದು ನಾನು ಬೇಡವೆಂದದ್ದು ತಪ್ಪು ಕಾರಣಕ್ಕೆ. ಕಾರು ಒಂದು ಟನ್ನಿನ ಆಸುಪಾಸು, ನಾಲ್ಕು ಟನ್ ಏಕೆ, ದುಡ್ಡು ದಂಡ ಎಂದೆ. ಟೈಲ್ ಸೀಳಿದ ಸಂಗತಿಯನ್ನು ಇಬ್ಬರೂ ಕಿವಿಯ ಮೇಲೆ ಹಾಕಿಕೊಂಡೆವೇ ಹೊರತು ತಲೆಗೆ ಹಾಕಿಕೊಳ್ಳಲಿಲ್ಲ. ಜಾಕಿ ಸೋತಿರಲಿಲ್ಲ, ನೆಲ ಸೋತಿತ್ತು. ಅದು ಅರಿವಿಗೆ ಬರಲು ಇನ್ನೂ ಮೂರು ವಾರ ಬೇಕಾಯಿತು.

ಪೋರ್ಟಬಲ್ ಎಂದರೆ ಎಷ್ಟು ಹಗುರ?

ಮಾರುವವರ ಬಾಯಲ್ಲಿ ಪೋರ್ಟಬಲ್ ಎಂಬ ಪದಕ್ಕೆ ಕನಿಷ್ಠ ಮೂರು ಅರ್ಥಗಳಿವೆ. ಒಂದು, ಎರಡು ಕಂಬದ ಗಿಡ್ಡ ಲಿಫ್ಟ್. ಕಂಬಗಳನ್ನು ಆಂಕರ್ ಬೋಲ್ಟುಗಳಿಂದ ನೆಲಕ್ಕೆ ಬಿಗಿಯುವುದು, ಬೇಡವಾದಾಗ ಬಿಚ್ಚಿ ಮೂಲೆಗೆ ತಳ್ಳುವುದು. ಎರಡು, ಕಾರಿನ ನಟ್ಟನಡುವೆ ಕೂರುವ ಒಂದೇ ಕತ್ತರಿ ಲಿಫ್ಟ್. ಇದಕ್ಕೆ ಚಕ್ರಗಳಿರುತ್ತವೆ, ಆದರೆ ಇಡೀ ಯಂತ್ರ ನಾಲ್ಕು ಕ್ವಿಂಟಲ್ ಮುಟ್ಟುತ್ತದೆ. ಟ್ರಾಲಿಯ ಹಿಡಿ ಹಿಡಿದು ಎಳೆಯಲು ಇಬ್ಬರು ಬೇಕು, ಇಳಿಜಾರಿನಲ್ಲಿ ನಿಲ್ಲಿಸಲು ಮೂವರು. ಮೂರು, ಜೋಡಿ ಚೌಕಟ್ಟು: ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಕಬ್ಬಿಣದ ಚೌಕಟ್ಟು, ಎರಡಕ್ಕೂ ಎಣ್ಣೆ ಕಳಿಸುವ ಒಂದು ಪುಟ್ಟ ಪಂಪು. ಒಂದೊಂದು ಚೌಕಟ್ಟು 35ರಿಂದ 45 ಕಿಲೊ. ಕೆಲಸವಾದ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಬಹುದು.

ಯಜಮಾನರ ಮನಸ್ಸು ನೆಟ್ಟಿದ್ದು ಎರಡು ಕಂಬದ್ದರ ಮೇಲೆ. ಕಾರಿನ ಕೆಳಗೆ ಏನೂ ಅಡ್ಡವಿರುವುದಿಲ್ಲ, ಗೇರ್‌ಬಾಕ್ಸ್ ನೇರ ಇಳಿಸಬಹುದು ಎಂಬುದು ಅವರ ವಾದ. ವಾದ ಸರಿಯೇ. ಆದರೆ ಅದರಲ್ಲಿ ಭಾರ ಕಂಬದ ಬುಡದ ಮೇಲೆ ನೇರವಾಗಿ ಬೀಳುವುದಿಲ್ಲ, ಮುಂದಕ್ಕೆ ಚಾಚಿದ ತೋಳಿನ ತುದಿಯ ಮೇಲೆ ಬೀಳುತ್ತದೆ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಡುವುದಕ್ಕೂ ಚಾಚಿದ ಕೈಯಲ್ಲಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅದು. ಕಂಬ ಒಳಮುಖವಾಗಿ ಮಗುಚಲು ನೋಡುತ್ತದೆ, ಅದನ್ನು ತಡೆಯುವುದು ಹಿಂದಿನ ಬೋಲ್ಟುಗಳು. ಕಾರಿನ ಅರ್ಧ ತೂಕ 450 ಕಿಲೊ, ತೋಳಿನ ಚಾಚು 80 ಸೆಂಟಿಮೀಟರ್, ಬುಡದ ತಟ್ಟೆಯ ಆಸರೆ 40 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಬೋಲ್ಟುಗಳು ತಡೆಯಬೇಕಾದ ಎಳೆತ 900 ಕಿಲೊ ಮುಟ್ಟುವಂಥದ್ದು. ಆ ಎಳೆತವನ್ನು ಹಿಡಿದುಕೊಳ್ಳುವುದು ಬೋಲ್ಟಲ್ಲ, ಬೋಲ್ಟಿನ ಸುತ್ತಲಿನ ಕಾಂಕ್ರೀಟು.

ಹಾಗಾದರೆ ಕಾಂಕ್ರೀಟು ಎಂಥದ್ದು? ಒಂದು ಟೈಲ್ ಎಬ್ಬಿಸಿ ನೋಡೋಣವೆಂದೆ. ಎಬ್ಬಿಸುವ ಮೊದಲು ಐದು ರೂಪಾಯಿ ನಾಣ್ಯದಿಂದ ನೆಲವನ್ನೆಲ್ಲ ತಟ್ಟುತ್ತ ಹೋದೆವು. ಗಟ್ಟಿ ಕೂತಿರುವ ಟೈಲ್ ಟಿಕ್ ಎನ್ನುತ್ತದೆ, ಕೆಳಗೆ ಪೊಳ್ಳಿದ್ದರೆ ಡಬ್ ಎನ್ನುತ್ತದೆ. ಗೇಟಿನ ಕಡೆಯ ಎರಡು ಸಾಲು ಪೂರ್ತಿ ಡಬ್. ಗೋಡೆಯ ಕಡೆಯ ಒಂದನ್ನು ಎತ್ತಿದಾಗ ಕೆಳಗೆ ಸಿಕ್ಕಿದ್ದು ನಾಲ್ಕು ಅಂಗುಲದ ಬೆಡ್ ಕಾಂಕ್ರೀಟು, ಮನೆ ಕಟ್ಟುವಾಗ ಎಲ್ಲರೂ ಹಾಕಿಸುವ ಸಿಮೆಂಟ್, ಮರಳು, ಜಲ್ಲಿಯ 1:4:8ರ ಮಿಶ್ರಣ. ಉಳಿಯಿಂದ ಕೆದಕಿದರೆ ಜಲ್ಲಿ ಕೈಗೆ ಬರುತ್ತಿತ್ತು. ಅದರ ಅಡಿಯಲ್ಲಿ ತುಂಬು ಮಣ್ಣು. ನಡೆಯಲು, ಕಾರು ನಿಲ್ಲಿಸಲು ಇದು ಸಾಕು. ಆಂಕರ್ ಬೋಲ್ಟ್ ಹಿಡಿಯಲು ಇದು ಉಪ್ಪಿಟ್ಟು.

ಯಜಮಾನರು ಬಿಡುವವರಲ್ಲ. "ನಡುವೆ ಒಳ್ಳೆಯ ಕಾಂಕ್ರೀಟ್ ಹಾಕಿಸೋಣ, ಏನು ಮಹಾ!" ಎನ್ನುತ್ತ ಸೀಮೆಸುಣ್ಣದಲ್ಲಿ ಕಂಬಗಳ ಜಾಗ ಗುರುತಿಸತೊಡಗಿದರು. ಅಷ್ಟರಲ್ಲಿ ಅವರ ಪತ್ನಿ ಕಾಫಿ ತಂದರು. ಎಡಗಂಬದ ಚೌಕವನ್ನು ನೋಡಿ ಲೋಟ ಕೊಡುತ್ತಲೇ ಕೇಳಿದರು: "ಏನ್ರೀ, ಸಂಪಿನ ಮೇಲೆ ಕಂಬ ನೆಡುತ್ತೀರಾ?"

ಇಡೀ ಪ್ರಕರಣದ ತಿರುವು ಇದೇ. ನಾವಿಬ್ಬರೂ ಯಂತ್ರದವರು. ಮೂರು ವಾರ ಟನ್, ಎತ್ತರ, ಬೆಲೆ ಎಂದು ತಲೆ ಕೆಡಿಸಿಕೊಂಡಿದ್ದೆವು. ಅಲ್ಲೇ ಅಡ್ಡಾಡುತ್ತಿದ್ದರೂ ಸಂಪಿನ ಮುಚ್ಚಳ ಕಣ್ಣಿಗೆ ಬಿದ್ದಿರಲಿಲ್ಲ. ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಲ್ಲಿ ಕಾರು ನಿಲ್ಲುವ ಜಾಗದ ಅಡಿಯಲ್ಲೇ ನೀರಿನ ಸಂಪು ಇರುತ್ತದೆ. ಈ ಮನೆಯದು ಗೇಟಿನಿಂದ ಆರು ಅಡಿಯವರೆಗೆ ಹಬ್ಬಿದೆ, ಮೇಲೆ ಐದು ಅಂಗುಲದ ಸ್ಲ್ಯಾಬ್. ಅದರಲ್ಲಿ ಬೋಲ್ಟಿಗೆ ತೂತು ಕೊರೆದಿದ್ದರೆ ಕಂಬ ನಿಲ್ಲುವ ಮಾತು ಹಾಗಿರಲಿ, ಕುಡಿಯುವ ನೀರಿಗೆ ಕಾಂಕ್ರೀಟ್ ಪುಡಿ ಬೀಳುತ್ತಿತ್ತು. ಕಾರಿನ ಚಕ್ರಗಳು ಆ ಸ್ಲ್ಯಾಬಿನ ಮೇಲೆ ಹಾದುಹೋಗುತ್ತವಲ್ಲ ಎಂದು ಕೇಳಬಹುದು. ಹಾದುಹೋಗುವ ಚಕ್ರ ಬೇರೆ, ಅರ್ಧ ಕಾರಿನ ಭಾರವನ್ನು ಒಂದು ಪುಟ್ಟ ತಟ್ಟೆಯಿಂದ ಗಂಟೆಗಟ್ಟಲೆ ಒತ್ತಿಹಿಡಿಯುವುದು ಬೇರೆ. ಅದೂ ಒಳಗಿನ ಕಂಬಿ ಎಷ್ಟು ತುಕ್ಕು ಹಿಡಿದಿದೆಯೆಂದು ಯಾರೂ ನೋಡದ ಸ್ಲ್ಯಾಬು.

ಪತ್ನಿಯ ಎರಡನೆಯ ಪ್ರಶ್ನೆ ಇನ್ನೂ ಚುರುಕಾಗಿತ್ತು: "ಸಂಪು ತೊಳೆಯುವವನು ಬಂದಾಗ ಕಾರನ್ನು ಎಲ್ಲಿ ನೇತು ಹಾಕುತ್ತೀರಿ?" ಅಂದರೆ ಈ ಮನೆಗೆ ಬೇಕಾದದ್ದು ಒಂದೇ ಗಂಟೆಯಲ್ಲಿ ಪೂರ್ತಿ ಎತ್ತಿಡಬಹುದಾದ ಲಿಫ್ಟ್. ಎರಡು ಕಂಬದ್ದು ಅಲ್ಲಿಗೆ ಬಿತ್ತು. ನಟ್ಟನಡುವಿನ ಕತ್ತರಿಯದನ್ನು ಯಜಮಾನರೇ ಕೈಬಿಟ್ಟರು. ಅವರು ಮಾಡಬೇಕೆಂದಿದ್ದ ಕೆಲಸ ಸೈಲೆನ್ಸರ್ ಮತ್ತು ಕ್ಲಚ್ ಪ್ಲೇಟಿನದು, ಆ ಲಿಫ್ಟ್ ಸರಿಯಾಗಿ ಅವುಗಳ ದಾರಿಗೇ ಅಡ್ಡ ಕೂರುತ್ತದೆ. ಉಳಿದದ್ದು ಜೋಡಿ ಚೌಕಟ್ಟು.

ಟೇಪ್ ಹಿಡಿದು ಅಳೆದದ್ದು

ಮಾರುವವರು ದೊಡ್ಡ ಮಾದರಿಯನ್ನೇ ಒತ್ತಾಯಿಸಿದರು. "ಸಾರ್, ನಾಳೆ ಇನ್ನೋವಾ ತೆಗೆದುಕೊಂಡರೆ?" ಅದರ ಚೌಕಟ್ಟು 1.93 ಮೀಟರ್ ಉದ್ದ. ಜೋಡಿ ಚೌಕಟ್ಟು ಮುಂದಿನ ಮತ್ತು ಹಿಂದಿನ ಟಯರುಗಳ ನಡುವೆ ನುಸುಳಬೇಕು, ಇದನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಝೆನ್ನಿನ ವೀಲ್‌ಬೇಸ್ 2,335 ಮಿಲಿಮೀಟರ್, ಅಂದರೆ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ ಅಷ್ಟು. ಟಯರಿನ ವ್ಯಾಸ ಸುಮಾರು 535. ಕಳೆದರೆ ಟಯರುಗಳ ನಡುವೆ ಸಿಗುವ ಜಾಗ 1.8 ಮೀಟರ್. ದೊಡ್ಡ ಮಾದರಿ ಒಳಗೆ ಹೋಗುವುದೇ ಇಲ್ಲ. ಸ್ವಿಫ್ಟ್ ದೊಡ್ಡ ಕಾರಲ್ಲವೇ ಎಂದರೆ, ಅದರ ವೀಲ್‌ಬೇಸ್ 2,430 ಇದ್ದರೂ ಟಯರು 620ರದ್ದು. ಕಳೆದಾಗ ಸಿಗುವುದು 1.81 ಮೀಟರ್. ಕಾರು ಬೆಳೆದಷ್ಟೂ ಟಯರು ಜಾಗ ನುಂಗುತ್ತದೆ. 1.7 ಮೀಟರಿನ ಚಿಕ್ಕ ಮಾದರಿ ಎರಡಕ್ಕೂ ಹೊಂದಿತು. ಅದರ ಸಾಮರ್ಥ್ಯ ಎರಡೂಕಾಲು ಟನ್, ಈ ಮನೆಗೆ ಧಾರಾಳ.

ದುಡ್ಡು ಕೊಡುವ ಮೊದಲು ನೆಲದ ಲೆಕ್ಕ ಮುಗಿಸಬೇಕಿತ್ತು. ಗಾರೆ ಮೇಸ್ತ್ರಿ ತನ್ನ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದ. ಗೋಡೆಯಿಂದ ಗೇಟಿಗೆ 18 ಅಡಿಯಲ್ಲಿ ನಾಲ್ಕು ಅಂಗುಲ ಇಳಿಜಾರು. ಮಳೆನೀರು ಹೊರಗೆ ಹೋಗಲೆಂದು ಬೇಕೆಂದೇ ಕೊಟ್ಟದ್ದು, ಕಣ್ಣಿಗೆ ಕಾಣುವುದೇ ಇಲ್ಲ. ಝೆನ್ನಿನ ಎರಡು ಅಚ್ಚುಗಳ ನಡುವೆ ಇದು 43 ಮಿಲಿಮೀಟರ್ ವ್ಯತ್ಯಾಸ. ಕಾರು ಜಾರುವಷ್ಟು ಬಲ ಇದರಿಂದ ಬರುವುದಿಲ್ಲ, ಲೆಕ್ಕ ಹಾಕಿದರೆ ಹದಿನಾಲ್ಕು ಕಿಲೊ ಅಷ್ಟೇ. ಆದರೆ ಕೈಪಿಡಿಯಲ್ಲಿ ಸಮತಟ್ಟಾದ, ಗಟ್ಟಿಯಾದ ಕಾಂಕ್ರೀಟ್ ನೆಲ ಎಂದು ಸ್ಪಷ್ಟವಾಗಿ ಬರೆದಿತ್ತು. ಈ ಲಿಫ್ಟಿನ ತೋಳುಗಳು ಮುಂದಕ್ಕೋ ಹಿಂದಕ್ಕೋ ವಾಲಿಕೊಂಡೇ ಏಳುವಂಥವು. ವಾಲುವ ಯಂತ್ರವನ್ನು ವಾಲಿದ ನೆಲದ ಮೇಲೆ ಇಡುವುದಕ್ಕೆ ನಾನಂತೂ ಒಪ್ಪಲಿಲ್ಲ.

ತೀರ್ಮಾನ ಹೀಗಾಯಿತು: ಸಂಪನ್ನು ಬಿಟ್ಟು ಗೋಡೆಯ ಕಡೆಯ ಹನ್ನೆರಡು ಅಡಿಯಲ್ಲೇ ಕಾರು ಏಳಬೇಕು. ಅಲ್ಲಿ ಟೈಲ್ಸ್ ಕಿತ್ತು, ಹಳೆಯ ಕಾಂಕ್ರೀಟು ಒಡೆದು, ಮಣ್ಣು ದಮ್ಮಸ್ಸು ಮಾಡಿ, ತಲಾ 9 ಅಡಿ ಉದ್ದ 2 ಅಡಿ ಅಗಲದ ಎರಡು ಪಟ್ಟಿಗಳು. ಐದು ಅಂಗುಲ ದಪ್ಪ, ಒಳಗೆ ಕಂಬಿಯ ಜಾಲರಿ, 1:1½:3ರ ಮಿಶ್ರಣ, ಮೇಲ್ಮೈ ನೀರಿನ ಮಟ್ಟಕ್ಕೆ. ಪಟ್ಟಿಗಳು ಮಟ್ಟವಾಗಿ, ಸುತ್ತಲ ನೆಲ ಇಳಿಜಾರಾಗಿ ಇರುವುದರಿಂದ ಗೇಟಿನ ಕಡೆಯ ತುದಿ ನೆಲದಿಂದ ಎರಡು ಅಂಗುಲ ಎದ್ದಿತು. ಕಾರು ಹತ್ತಲೆಂದು ಮೇಸ್ತ್ರಿ ಅಂಚಿಗೆ ಇಳಿಜಾರು ಕೊಟ್ಟ. "ಇದೇನು ಸ್ವಾಮಿ, ರೈಲು ಹಳಿ ಹಾಕಿಸುತ್ತಿದ್ದೀರಾ?" ಎಂದು ನಕ್ಕ. ಆದರೆ ಪಾತಿ ಕಟ್ಟಿ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಕಾಂಕ್ರೀಟು ಗಟ್ಟಿಯಾಗಲು 28 ದಿನ ಕಾಯಬೇಕಿತ್ತು. ಹತ್ತನೆಯ ದಿನಕ್ಕೇ ಲಿಫ್ಟ್ ಬಂದಿಳಿಯಿತು. ಹದಿನೆಂಟು ದಿನ ಅದನ್ನು ಹಜಾರದಲ್ಲಿಟ್ಟುಕೊಂಡು ಸುಮ್ಮನಿರುವುದು ಯಜಮಾನರಿಗೆ ಕಾಂಕ್ರೀಟ್ ಒಡೆಸಿದ್ದಕ್ಕಿಂತ ಕಷ್ಟವಾಯಿತೆಂದು ಕಾಣುತ್ತದೆ. ದಿನಕ್ಕೆರಡು ಸಲ ಫೋನ್.

ವಿದ್ಯುತ್ತಿನ ಒಂದು ಮಾತು

ಪಂಪಿನ ಮೋಟಾರು ಒಂದೂವರೆ ಅಶ್ವಶಕ್ತಿಯದು, ಸಿಂಗಲ್ ಫೇಸ್. ಓಡುವಾಗ ಎಂಟು ಆಂಪಿಯರ್ ಆಸುಪಾಸು, ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಕಾಯುವ ಆ ದಿನಗಳಲ್ಲಿ ಯಜಮಾನರು ಮನೆಯ ಹಳೆಯ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಬರಿಯ ಚೌಕಟ್ಟನ್ನು ಎತ್ತಿಳಿಸಿ ನೋಡಿದರು. ಮೋಟಾರು ಗೊಣಗಿತು, ಏಳಲಿಲ್ಲ. ಸಂಜೆ ಏಳರ ಹೊತ್ತು, ವೋಲ್ಟೇಜ್ ಮೊದಲೇ 200ಕ್ಕೆ ಇಳಿದಿತ್ತು. ಆ ಬಾಕ್ಸಿನ ವೈರು 0.75 ಚದರ ಮಿಲಿಮೀಟರಿನದು, ಉದ್ದ 15 ಮೀಟರ್. ಹೋಗಿ ಬರುವ ದಾರಿ 30 ಮೀಟರ್, ಪ್ರತಿರೋಧ 0.7 ಓಮ್. ಹೊರಡುವಾಗಿನ 45 ಆಂಪಿಯರಿಗೆ ವೈರಿನಲ್ಲೇ ಮೂವತ್ತೊಂದು ವೋಲ್ಟ್ ಸೋರಿಹೋಗುತ್ತದೆ. ಲಿಫ್ಟ್ ಕೆಟ್ಟಿದೆಯೆಂದು ಮಾರಿದವರಿಗೆ ಬೈಯಲು ಅವರು ಸಿದ್ಧರಾಗಿದ್ದರು. 2.5 ಚದರ ಮಿಲಿಮೀಟರಿನ ವೈರು ಎಳೆದು ಪೋರ್ಟಿಕೊದಲ್ಲೇ 16 ಆಂಪಿಯರಿನ ಸಾಕೆಟ್ ಹಾಕಿಸಿದ ಮೇಲೆ ಮತ್ತೆ ಆ ದೂರು ಬರಲಿಲ್ಲ.

ಮೊದಲ ಸಲ ಎತ್ತಿದಾಗ

ಮೊದಲ ದಿನ ನಾನು, ಯಜಮಾನರು, ಅವರ ಸೋದರಳಿಯ ಮೂವರಿದ್ದೆವು. ಕೊಳವೆಗಳಲ್ಲಿ ಗಾಳಿ ಉಳಿದಿದ್ದರೆ ಒಂದು ಬದಿ ಮೊದಲು, ಇನ್ನೊಂದು ಆಮೇಲೆ ಏಳುತ್ತದೆ. ಹಾಗಾಗಿ ಕಾರಿಲ್ಲದೆಯೇ ನಾಲ್ಕಾರು ಸಲ ಎತ್ತಿಳಿಸಿ ಗಾಳಿ ಬಿಟ್ಟೆವು. ಎರಡೂ ಚೌಕಟ್ಟುಗಳು ಜೋಡೆತ್ತಿನಂತೆ ಒಟ್ಟಿಗೆ ಏಳತೊಡಗಿದ ಮೇಲೆ ಝೆನ್ನನ್ನು ಪಟ್ಟಿಗಳ ಮೇಲೆ ತಂದೆವು. ಮೂತಿಗೂ ಗೋಡೆಗೂ ನಡುವೆ ಒಂದಡಿ. ಸಂಪನ್ನು ತಪ್ಪಿಸಲು ಮುಂದೆ ತಂದದ್ದರ ಫಲ ಅದು.

ಚೌಕಟ್ಟುಗಳನ್ನು ಬದಿಯಿಂದ ತಳ್ಳಿ, ಬಾಗಿಲ ಕೆಳಗಿನ ಬೆಸುಗೆಯ ಅಂಚಿಗೆ ರಬ್ಬರ್ ದಿಮ್ಮಿಗಳನ್ನು ಹೊಂದಿಸಿ ಗುಂಡಿ ಒತ್ತಿದೆವು. ಕಾರು ಎದ್ದಿತು. ಎದ್ದಂತೆಯೇ ಮುಂದಕ್ಕೂ ಹೊರಟಿತು! ತೋಳುಗಳು ಕಮಾನಿನ ದಾರಿಯಲ್ಲಿ ಏಳುತ್ತವೆ, ಅರ್ಧ ಮೀಟರ್ ಮೇಲೇರುವಷ್ಟರಲ್ಲಿ ಕಾರು ಸುಮಾರು 20 ಸೆಂಟಿಮೀಟರ್ ಮುಂದೆ ಸಾಗುತ್ತದೆ. ಕೈಪಿಡಿಯ ಚಿತ್ರದಲ್ಲಿ ಇದು ಇತ್ತು. ನಾನೇ ನೋಡಿದ್ದೆ, ಗೋಡೆಯ ಜೊತೆ ಸೇರಿಸಿ ಯೋಚಿಸಿರಲಿಲ್ಲ. ಬಂಪರು ಚಪ್ಪಲಿ ಗೂಡನ್ನು ಮೆಲ್ಲಗೆ ಗೋಡೆಗೆ ಒತ್ತಿತು. ಸೋದರಳಿಯ "ಮಾವ, ನಿಲ್ಲಿಸಿ!" ಎಂದು ಕೂಗುವ ಹೊತ್ತಿಗೆ ಗೂಡಿನ ಒಂದು ಕಾಲು ಮುರಿದು ಚಪ್ಪಲಿಗಳೆಲ್ಲ ಕಾರಿನ ಕೆಳಗೆ ಉರುಳಿದ್ದವು.

ಇಳಿಸಿ, ಎರಡೂ ಚೌಕಟ್ಟುಗಳನ್ನು ತಿರುಗಿಸಿ ಇಟ್ಟೆವು. ಒಂದನ್ನು ಮಾತ್ರ ತಿರುಗಿಸಿ ಮರೆತರೆ ಎರಡು ಬದಿ ಎರಡು ದಿಕ್ಕಿಗೆ ಎಳೆಯುತ್ತವೆ, ಅದು ಚಪ್ಪಲಿ ಗೂಡಿಗೆ ಮುಗಿಯುವ ಅನಾಹುತವಲ್ಲ. ಈಗ ಕಾರು ಏಳುತ್ತ ಗೇಟಿನ ಕಡೆಗೆ ಸರಿಯುತ್ತದೆ. ಅದರ ಹಿಂಭಾಗ ಸಂಪಿನ ಮೇಲೆ ಗಾಳಿಯಲ್ಲಿ ಚಾಚಿಕೊಂಡರೂ ಚೌಕಟ್ಟಿನ ಬುಡ ಪಟ್ಟಿಯ ಮೇಲೆಯೇ ಇರುವುದರಿಂದ ಸ್ಲ್ಯಾಬಿಗೆ ಭಾರವಿಲ್ಲ.

ಎರಡನೆಯ ಸಲ ಗುಂಡಿ ಒತ್ತಿದಾಗ, ಟಯರುಗಳು ನೆಲ ಬಿಡುವ ಹೊತ್ತಿಗೆ ಎಡ ಹಿಂಬದಿಯಿಂದ ಹಪ್ಪಳ ಮುರಿದಂತೆ ಸದ್ದು. ಯಜಮಾನರ ಬೆರಳು ತಾನಾಗಿ ಇಳಿಸುವ ಗುಂಡಿಗೆ ಹೋಯಿತು. ಬಗ್ಗಿ ನೋಡಿದರೆ ರಬ್ಬರ್ ದಿಮ್ಮಿ ರನ್ನಿಂಗ್ ಬೋರ್ಡಿನ ಒಳಕ್ಕೆ ಅರ್ಧ ಅಂಗುಲ ಹೂತಿತ್ತು. ಅಡುಗೆಮನೆಯ ಫ್ರಿಜ್ ಮೇಲಿಂದ ಗಣಪತಿಯ ಅಯಸ್ಕಾಂತವನ್ನು ತಂದು ಬಾಗಿಲ ಕೆಳಗೆ ಉದ್ದಕ್ಕೂ ಎಳೆದೆ. ಮುಂದಿನ ಮೂರು ಅಡಿ ಗಟ್ಟಿಯಾಗಿ ಅಂಟಿತು. ಹಿಂದಿನ ಒಂದಡಿಯಲ್ಲಿ ಗಣಪತಿ ನಿಲ್ಲಲೇ ಇಲ್ಲ, ಜಾರಿ ಬಿದ್ದ. ಅಲ್ಲಿ ಕಬ್ಬಿಣವೇ ಇರಲಿಲ್ಲ. ಹಿಂದೆಂದೋ ಟಿಂಕರಿಂಗ್ ಮಾಡಿದವರು ತುಕ್ಕು ತಿಂದ ಜಾಗಕ್ಕೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದಿದ್ದರು. ಕತ್ತರಿ ಜಾಕಿಯನ್ನು ಅದೃಷ್ಟವಶಾತ್ ಯಾವಾಗಲೂ ಅದರ ಆಚೆಗೆ ಇಡುತ್ತಿದ್ದುದರಿಂದ ಇಷ್ಟು ವರ್ಷ ಗೊತ್ತಾಗಿರಲಿಲ್ಲ.

ಯಜಮಾನರು ದಿಮ್ಮಿಯನ್ನು ನಾಲ್ಕು ಅಂಗುಲ ಮುಂದೆ ಇಟ್ಟು ಎತ್ತೋಣ ಎಂದರು. ನಾನು ಬೇಡವೆಂದೆ. ಅಲ್ಲಿಯ ತಗಡು ಗಟ್ಟಿಯಿರಬಹುದು, ಆದರೆ ಮುಂದೆ ಸರಿದಷ್ಟೂ ಹಿಂಭಾಗದ ಭಾರಕ್ಕೆ ಆಸರೆ ಕಡಿಮೆ, ಮೇಲಾಗಿ ತುಕ್ಕಿನ ಗಡಿ ಎಲ್ಲಿ ಮುಗಿಯುತ್ತದೆಂದು ಅಯಸ್ಕಾಂತ ಹೇಳುವುದಿಲ್ಲ. ಸ್ವಲ್ಪ ಬಿಸಿ ಮಾತುಗಳಾದವು. ಕೊನೆಗೆ ಕಾರು ಟಿಂಕರಿಂಗ್ ಅಂಗಡಿಗೆ ಹೋಯಿತು. ಪುಟ್ಟಿ ಕೆತ್ತಿ, ಕೊಳೆತ ತಗಡು ಕತ್ತರಿಸಿ, ಹೊಸ ತಗಡನ್ನು ಬೆಸುಗೆ ಹಾಕಿಸಿಕೊಂಡು ಬರಲು ಹನ್ನೆರಡು ದಿನ. ಆ ಹನ್ನೆರಡು ದಿನ ಯಜಮಾನರು ನನಗೆ ಫೋನ್ ಮಾಡಲಿಲ್ಲ.

ತುಕ್ಕು ಹಿಡಿದ ನಟ್ಟು

ಕ್ಲಚ್ ಪ್ಲೇಟಿನ ಕೆಲಸಕ್ಕೆ ಮತ್ತೆ ಕರೆ ಬಂತು. ಈ ಸಲ ಕಾರು ಸದ್ದಿಲ್ಲದೆ ಎದ್ದಿತು. ಎರಡನೆಯ ಹಂತದ ಲಾಕ್, ಅಂದರೆ ತೋಳು ಕೆಳಗಿಳಿಯದಂತೆ ಅಡ್ಡ ನಿಲ್ಲುವ ತಡೆ, ಅದನ್ನು ದಾಟಿಸಿ, ಮತ್ತೆ ಸ್ವಲ್ಪ ಇಳಿಸಿ, ಭಾರ ಎಣ್ಣೆಯ ಮೇಲಿಂದ ಲಾಕಿನ ಮೇಲೆ ಕೂರುವಂತೆ ಮಾಡಿದೆವು. ಪ್ರೆಸ್‌ಗಳ ಜೊತೆ ಬಾಳಿದವನಾಗಿ ಇಲ್ಲಿ ನನಗೆ ರಾಜಿಯಿಲ್ಲ. ಎಣ್ಣೆ ಎತ್ತುವುದಕ್ಕೆ, ಹಿಡಿಯುವುದಕ್ಕಲ್ಲ. ಒಂದು ಸೀಲು, ಒಂದು ಕೊಳವೆ ಸಾಕು. ಎರಡೂ ಬದಿ ಒಂದೇ ಹಂತದ ಲಾಕಿನಲ್ಲಿವೆಯೇ ಎಂದು ಕಣ್ಣಿನಿಂದಲ್ಲ, ಕೈಯಿಂದ ಮುಟ್ಟಿ ನೋಡಬೇಕು. ಅದರ ಮೇಲೂ ನಾಲ್ಕು ಮೂಲೆಗೆ ಸ್ಟ್ಯಾಂಡ್ ಇಟ್ಟೆವು.

ಗೇರ್‌ಬಾಕ್ಸ್ ಇಳಿಸಿದರೆ ಮುಂಭಾಗ ಹಗುರಾಗಿ ಕಾರು ಹಿಂದಕ್ಕೆ ಮಗುಚುತ್ತದೆಯೇ ಎಂಬ ಚಿಂತೆ ಸೋದರಳಿಯನಿಗಿತ್ತು. ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿದೆವು: ಮುಂದಿನ ಅಚ್ಚಿನ ಬಳಿಯಿಂದ ಮೂವತ್ತು ಕಿಲೊ ತೆಗೆದರೆ ಭಾರದ ಕೇಂದ್ರ ಹಿಂದೆ ಸರಿಯುವುದು ನಾಲ್ಕು ಸೆಂಟಿಮೀಟರಿಗಿಂತ ಕಡಿಮೆ. ಎಂಜಿನ್ನನ್ನೂ ಸೇರಿಸಿ ಇಳಿಸಿದರೆ ಹದಿನೇಳು ಸೆಂಟಿಮೀಟರ್ ಹತ್ತಿರ ಹೋಗುತ್ತದೆ, ಅದು ಬೇರೆಯೇ ಕಥೆ. ಡಿಕ್ಕಿಯಲ್ಲಿದ್ದ ಸ್ಟೆಪ್ನಿ, ಟೂಲ್ ಪೆಟ್ಟಿಗೆಗಳನ್ನು ಮೊದಲೇ ಇಳಿಸಿದೆವು, ಗೇರ್‌ಬಾಕ್ಸ್ ತೊಂದರೆ ಕೊಡಲಿಲ್ಲ.

ತೊಂದರೆ ಕೊಟ್ಟಿದ್ದು ಸೈಲೆನ್ಸರ್ ಫ್ಲೇಂಜಿನ ಒಂದು ನಟ್ಟು. ಸೋದರಳಿಯ ಪಾನಾದ ಹಿಡಿಗೆ ಮೂರು ಅಡಿಯ ಪೈಪು ಸಿಕ್ಕಿಸಿ, ಕಾಲನ್ನು ಚೌಕಟ್ಟಿಗೆ ಒದ್ದುಕೊಟ್ಟು ಉದ್ದುದ್ದಕ್ಕೆ ಎಳೆದ. ನಟ್ಟು ಅಲುಗಲಿಲ್ಲ, ಕಾರು ಅಲುಗಿತು. ಲಾಕ್ ಹಿಡಿದಿತ್ತು, ಒಂದು ರಬ್ಬರ್ ದಿಮ್ಮಿ ಮಾತ್ರ ಒಂದು ಸೆಂಟಿಮೀಟರ್ ಸರಿದಿತ್ತು. ಇಪ್ಪತ್ತು ವರ್ಷದ ತೋಳು, ಮೂರಡಿಯ ಪೈಪು. ಭಾರ ಹೊರಲೆಂದು ಮಾಡಿದ ಯಂತ್ರವನ್ನು ಅವನು ತಳ್ಳುಗಾಡಿಯಂತೆ ಎಳೆಯುತ್ತಿದ್ದ. ಎಲ್ಲರೂ ಹೊರಬಂದೆವು. ಕಾರಿಳಿಸಿ, ದಿಮ್ಮಿ ಸರಿಪಡಿಸಿ, ಮತ್ತೆ ಎತ್ತಿ, ನಟ್ಟನ್ನು ಹ್ಯಾಕ್ಸಾದಿಂದ ಕೊಯ್ದು ತೆಗೆದೆವು. ಗ್ಯಾಸ್ ಉರಿಯಿಂದ ಕಾಯಿಸೋಣ ಎಂದ ಸೋದರಳಿಯನಿಗೆ ಅವನ ಮಾವ ತೋರಿಸಿದ್ದು ಪಕ್ಕದಲ್ಲೇ ಹೋಗುತ್ತಿದ್ದ ಪೆಟ್ರೋಲ್ ಕೊಳವೆಯನ್ನು.

ಅಂದಿನಿಂದ ಆ ಮನೆಯಲ್ಲಿ ಒಂದು ಕ್ರಮ ಬಂದಿದೆ. ಚಕ್ರದ ನಟ್ಟು, ಹಬ್ಬಿನ ನಟ್ಟು, ಬಲ ಹಾಕಬೇಕಾದ ಯಾವುದೇ ಬೋಲ್ಟನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಬೇಕು, ಕೈಗೆಟುಕದಿದ್ದರೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರಬೇಕು. ಎತ್ತಿದ ಮೇಲೆ ಪೈಪು ಸಿಕ್ಕಿಸುವಂತಿಲ್ಲ. ಒಬ್ಬರೇ ಇದ್ದಾಗ ಕೆಳಗೆ ಹೋಗುವಂತಿಲ್ಲ. ಈ ಕೊನೆಯದು ಯಜಮಾನರ ಪತ್ನಿ ಹಾಕಿದ ಷರತ್ತು, ಪಂಪಿನ ವೈರು ಅವರ ಬೀರುವಿನಲ್ಲಿರುತ್ತದೆ.

ಲಿಫ್ಟಿನಿಂದ ನಿಜವಾಗಿ ಸಿಕ್ಕಿದ್ದೇನು?

ಯಜಮಾನರು ಕೊಂಡದ್ದು ಕಾರಿನ ಕೆಳಗೆ ಆರಾಮವಾಗಿ ಕೆಲಸ ಮಾಡಲು. ಆ ಆರಾಮ ಅರ್ಧದಷ್ಟೇ ಸಿಕ್ಕಿತು. ಅರ್ಧ ಮೀಟರ್ ಎತ್ತರದಲ್ಲಿ ನಿಲ್ಲಲಾಗದು, ಚಕ್ರದ ಹಲಗೆಯ ಮೇಲೆ ಮಲಗಿಯೇ ಹೋಗಬೇಕು. ಅವರ ಮಂಡಿಗೆ ಸುಖ ಸಿಕ್ಕಿದ್ದು ಬದಿಯ ಕೆಲಸದಲ್ಲಿ. ಕಾರು ಎತ್ತಿದಾಗ ಬ್ರೇಕು, ಸಸ್ಪೆನ್ಷನ್ನು ಎಲ್ಲ ಗಿಡ್ಡ ಸ್ಟೂಲಿನ ಮೇಲೆ ಕೂತವನ ಎದೆಯ ಮಟ್ಟಕ್ಕೆ ಬರುತ್ತವೆ. ನಾಲ್ಕೂ ಚಕ್ರ ಒಟ್ಟಿಗೆ ಬಿಚ್ಚಿ, ಕಾಫಿ ಕುಡಿಯುತ್ತ ಬ್ರೇಕ್ ಲೈನಿಂಗ್ ಬದಲಿಸುತ್ತಾರೆ. ವರ್ಷದಲ್ಲಿ ಅವರು ಮಾಡಿದ ಹದಿನಾಲ್ಕು ಕೆಲಸಗಳಲ್ಲಿ ಹನ್ನೊಂದು ಈ ಬಗೆಯವು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ.

ಅದೇ ನೋಟ್‌ಬುಕ್ಕಿನಲ್ಲಿ ಖರ್ಚಿನ ಪುಟವೂ ಇದೆ. ನೆಲ, ಟಿಂಕರಿಂಗ್, ವೈರಿಂಗ್ ಮೂರೂ ಸೇರಿ ಲಿಫ್ಟಿನ ಬೆಲೆಯ ಅರ್ಧಕ್ಕಿಂತ ಹೆಚ್ಚಾಗಿತ್ತು. ಮೊದಲು ನೋಡಿದ ನಾಲ್ಕು ಟನ್ನಿನದನ್ನು ಕೊಂಡಿದ್ದರೂ ಈ ಮೂರು ಖರ್ಚು ತಪ್ಪುತ್ತಿರಲಿಲ್ಲ, ಸಂಪಿನದೊಂದು ಹೆಚ್ಚುತ್ತಿತ್ತು. ಇಂದು ಯಾರಾದರೂ ನನ್ನನ್ನು ಲಿಫ್ಟ್ ಬಗ್ಗೆ ಕೇಳಿದರೆ ಮಾದರಿ ಯಾವುದೆಂದು ನಾನು ಕೇಳುವುದಿಲ್ಲ. ಸಂಪು ಎಲ್ಲಿದೆ, ಟಯರುಗಳ ನಡುವೆ ಎಷ್ಟು ಜಾಗವಿದೆ, ಬಾಗಿಲ ಕೆಳಗೆ ಅಯಸ್ಕಾಂತ ನಿಲ್ಲುತ್ತದೆಯೇ ಎಂದು ಕೇಳುತ್ತೇನೆ. ಅರ್ಧ ಜನ ಅಲ್ಲಿಗೇ ಒಂದು ಒಳ್ಳೆಯ ಟ್ರಾಲಿ ಜಾಕಿ ಮತ್ತು ನಾಲ್ಕು ಸ್ಟ್ಯಾಂಡ್ ಕೊಳ್ಳುವುದಕ್ಕೆ ಮನಸ್ಸು ಬದಲಿಸುತ್ತಾರೆ. ಅದರಲ್ಲಿ ನನಗೇನೂ ಬೇಸರವಿಲ್ಲ.

ಹದಿನಾಲ್ಕನೆಯ ತಿಂಗಳಲ್ಲಿ ಬಲ ಚೌಕಟ್ಟಿನ ಸಿಲಿಂಡರಿನ ಬಾಯಲ್ಲಿ ಎಣ್ಣೆ ಜಿನುಗತೊಡಗಿತು. ಕೆಳಗೆ ಹಾಸಿದ ದಿನಪತ್ರಿಕೆಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ರೂಪಾಯಿಯಗಲ ಕಲೆ. ಮಾರಿದವರು ಸೀಲ್ ಕಿಟ್ ಬರಲು ಆರು ವಾರ ಎಂದರು. ಯಜಮಾನರು ಸಿಲಿಂಡರು ಬಿಚ್ಚಿ, ಹಳೆಯ ಸೀಲನ್ನು ಜೇಬಿನಲ್ಲಿ ಹಾಕಿಕೊಂಡು ಹೈಡ್ರಾಲಿಕ್ ಸೀಲುಗಳ ಅಂಗಡಿಗೆ ಹೋಗಿದ್ದಾರೆ. ಝೆನ್ ಸದ್ಯ ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿ­ದೆ, ಬಾಗಿಲ ಕೆಳಗೆ ಸ್ಟೆಪ್ನಿ ಮಲಗಿದೆ.